ಲೈನಿನಲ್ಲೇ ಇರಿ

ಹಾಸನದ ಬ್ಯಾಟರಿ ಅಂಗಡಿಯ ಮೇಲಿನ ಕೋಣೆಯಲ್ಲಿ
ಹಳೆಯ ಲ್ಯಾಪ್‌ಟಾಪೊಂದು ಹಗಲೂ ರಾತ್ರಿ ಏದುಸಿರು ಬಿಡುತ್ತದೆ.
ಅದೇ ನನ್ನ ಸರ್ವರ್. ಹೆಸರು ಜಗಲಿ.
ಅರವತ್ತೊಂದು ಮಂದಿ ಕೂತಿದ್ದಾರೆ ಅದರ ಮೇಲೆ,
ಒಬ್ಬರ ಬೆನ್ನು ಇನ್ನೊಬ್ಬರ ಕಡೆಗೆ.

ಅರಸೀಕೆರೆಯಲ್ಲಿ ಇಂಥದ್ದೇ ಇನ್ನೊಂದಿದೆ, ಕಡೂರಲ್ಲಿ ಒಂದು,
ಮೂಡಿಗೆರೆಯದು ಕರೆಂಟು ಹೋದಾಗ ತಾನೂ ಹೋಗುತ್ತದೆ.
ಯಾರಿಗೂ ಯಾರೂ ಯಜಮಾನರಲ್ಲ. ಒಳ್ಳೆಯದೇ.
ಆದರೆ ‘ಹುಡುಕು’ ಒತ್ತಿದರೆ
ಸುಣ್ಣ ಬಳಿದ ಗೋಡೆ.

ಇಲ್ಲಿ ಮೆಹರುನ್ನೀಸಾ ಮೂರು ತಿಂಗಳಿಂದ ಕೇಳುತ್ತಿದ್ದಾಳೆ:
ಅಜ್ಜಿಯ ಹೊಲಿಗೆ ಮಿಷನ್ನಿಗೆ ದೋಣಿಯಾಕಾರದ ಉದ್ದ ಬಾಬಿನ್
ಯಾರ ಹತ್ತಿರವಾದರೂ ಇದೆಯಾ?
ಅಲ್ಲಿ, ನಲವತ್ತು ಕಿಲೋಮೀಟರ್ ಆಚೆ, ಬೀರಲಿಂಗಪ್ಪ
ಅಂಥವೇ ಹನ್ನೆರಡನ್ನು ಬೋರ್ನ್‌ವಿಟಾ ಡಬ್ಬಿಯಿಂದ ಸುರಿದು
ಫೋಟೋ ಹಾಕಿ ಬರೆದಿದ್ದಾನೆ:
ಇವು ಯಾತಕ್ಕೆ ಬರುತ್ತವೋ, ದೇವರೇ ಬಲ್ಲ.

ಬಿತ್ತನೆ ಆಲೂಗಡ್ಡೆಯ ಬಿಲ್ಲಿನ ಹಿಂದೆ ಐಡಿಯಾ ಗೀಚಿದೆ.
ದಿನಕ್ಕೊಂದು ರಾಂಗ್ ನಂಬರ್ ಕೊಡುವ ಆ್ಯಪು.
ಹಾದಿಯ ಊರನ್ನೆಲ್ಲ ಕೂಗುತ್ತ ಹೋಗುವ ಕಂಡಕ್ಟರ್ ಆ್ಯಪು,
ದುದ್ದ, ಹಾರನಹಳ್ಳಿ, ಯಾರ್ರೀ ಇಳಿಯೋರು?
ಆಮೇಲೆ, ದನದ ದಲ್ಲಾಳಿಗಳ ಹಾಗೆ
ಟವೆಲ್ಲಿನ ಕೆಳಗೆ ಬೆರಳು ಹಿಡಿದು
ನಿನಗೇನು ಬೇಕೆಂದು ಮೂರನೆಯವರಿಗೆ ಕಾಣದಂತೆ ಕೇಳುವುದು.
ಇದರ ಕೆಳಗೆ ಎರಡು ಗೆರೆ ಎಳೆದೆ.
ಬಿಲ್ಲು ಮುಗಿಯಿತು.

ಇನ್‌ವರ್ಟರಿಗೆ ನೀರು ಕೊಳ್ಳಲು ಬಂದ ಬ್ರಿಜಿತ್ತಮ್ಮ
ಮೆಟ್ಟಿಲು ಹತ್ತಿ, ಕೂತು, ಸುಧಾರಿಸಿಕೊಂಡು,
ಬಿಲ್ಲು ತಿರುಗಿಸಿ ಓದಿದರು.
ಇಪ್ಪತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ವೈರಿನ ತುದಿಯನ್ನು ತೂತಿಗೆ ಚುಚ್ಚಿದವರು.

‘ಆಲೂರಿಗೆ ಆಲೂರಿನ ಬೋರ್ಡು, ಬೇಲೂರಿಗೆ ಬೇಲೂರಿನದು.
ನಿಮ್ಮದೂ ಅಷ್ಟೇ ತಾನೇ?
ಡೈರೆಕ್ಟರಿ ಯಾರು ನೋಡ್ತಿದ್ದರು ಕಣೇ!
ಡಾಕ್ಟರು ಮನೇಲಿ ಎತ್ತದಿದ್ದರೆ ಕ್ಲಬ್ಬಿಗೆ ಚುಚ್ಚೋದು.
ಶನಿವಾರ ಮಾತ್ರ ಕ್ಲಬ್ಬಿಗಲ್ಲ.
ಎಲ್ಲಿಗೆ ಅಂತ ಇವತ್ತಿಗೂ ಹೇಳಲ್ಲ.

ಗೊತ್ತಿಲ್ಲದ್ದನ್ನು ಆಲೂರಿನ ಕುಸುಮಳಿಗೆ ಕೇಳೋದು,
ಅವಳು ಸಕಲೇಶಪುರದವಳಿಗೆ.
ನಿನ್ನ ಕಡೆ ಹಾರ್ಮೋನಿಯಂ ರಿಪೇರಿ ಮಾಡೋರು ಯಾರೇ,
ಗಂಡುಮಗುವಿನ ತೊಟ್ಟಿಲು ಯಾರ ಅಟ್ಟದಲ್ಲಿದೆಯೇ.
ನಾವು ಮೂವರೂ ಒಬ್ಬರ ಮುಖ ಒಬ್ಬರು ಕಂಡಿಲ್ಲ.
ಕುಸುಮಾ ಸತ್ತಾಗ ಹೋಗಿದ್ದೆ.
ಮುಖ ನೋಡಿ ಇವಳಲ್ಲ ಅನ್ನಿಸಿತು.’

ಆ ರಾತ್ರಿ ಕೂತು ಬರೆದೆ.
ಹುಡುಕುವ ಪೆಟ್ಟಿಗೆ ಕಿತ್ತೆಸೆದು, ಕೇಳುವ ಪೆಟ್ಟಿಗೆ.
ಪ್ರಶ್ನೆ ಜಗಲಿಯಿಂದಿಳಿದು ಪಕ್ಕದ ಜಗಲಿಗೆ ನಡೆಯುತ್ತದೆ,
ಅಲ್ಲಿ ಕೂತವರನ್ನು ಕೇಳುತ್ತದೆ, ಮುಂದಕ್ಕೆ ಹೋಗುತ್ತದೆ,
ನಾಲ್ಕು ಊರು ದಾಟಿದ ಮೇಲೆ ಸುಸ್ತಾಗಿ
ಎಲ್ಲಿದೆಯೋ ಅಲ್ಲೇ ಮಲಗುತ್ತದೆ.

ಆರನೆಯ ದಿನ ಅರಸೀಕೆರೆಯ ಬಸ್ಸಿನಲ್ಲಿ ಡಬ್ಬಿ ಬಂತು.
ಹನ್ನೊಂದಕ್ಕೆ ತುಕ್ಕು. ಒಂದು ಸಾಕಾಯಿತು.
ಮೆಹರುನ್ನೀಸಾ ದಿಂಬಿನ ಚೀಲ ಹೊಲಿದು ತೋರಿಸಿದಳು,
ಬೀರಲಿಂಗಪ್ಪ ಬರೆದ: ಓ, ಇದಕ್ಕಾ!

ನಮ್ಮಲ್ಲೊಬ್ಬರಿದ್ದಾರೆ, ಹೆಸರಿಲ್ಲ,
ದಿನಾ ಬೆಳಿಗ್ಗೆ ಬಾವಿಯ ನೀರಿನ ಆಳ ಬರೆಯುತ್ತಾರೆ.
ನಲವತ್ತೆರಡು ಅಡಿ. ನಲವತ್ತೆರಡೂವರೆ.
ನೀರಿನ ಬಗ್ಗೆ ಯಾರೋ ಕೇಳಿದ್ದು ನಡೆದೂ ನಡೆದೂ
ಹದಿನೇಳು ಜನರನ್ನು ಅವರ ಬಾಗಿಲಿಗೆ ಕರೆತಂದಿತು.
ಅವರು ನನಗೊಂದೇ ಸಾಲು ಕಳಿಸಿದರು:
‘ಕಾಣದ ಹಾಗಿರಲೆಂದೇ ಇಲ್ಲಿಗೆ ಬಂದದ್ದು.’

ಮತ್ತೆ ಮೆಟ್ಟಿಲಿಳಿದು ಬ್ರಿಜಿತ್ತಮ್ಮನ ಮನೆಗೆ ಹೋದೆ.
ಅವರು ಬೀನ್ಸ್ ಬಿಡಿಸುತ್ತಿದ್ದರು. ತಲೆಯೆತ್ತಲಿಲ್ಲ.
‘ನಮ್ಮ ಬೋರ್ಡಿನಲ್ಲೂ ಇದ್ದರು ಅಂಥವರು.
ಆ ತೂತಿಗೆ ಚರ್ಚಿನ ಮೇಣದ ಚೂರು ಒತ್ತಿಡ್ತಿದ್ದೆ.
ಕೇಳಿದವರಿಗೆ, ಲೈನು ಸಿಗ್ತಿಲ್ಲ ಸಾರ್.
ಪಾಪವೇನೋ ಹೌದು.
ಫಾದರ್‌ಗೆ ಹೇಳಿದ್ದೀನಿ.’

ಈಗ ಆ್ಯಪಿನ ಮೂಲೆಯಲ್ಲೊಂದು ಗುಂಡಿಯಿದೆ,
ಮೇಣ ಎಂದು ಹೆಸರು.
ಒತ್ತಿದವರ ಮುಂದೆ ಪ್ರಶ್ನೆ ಚಪ್ಪಲಿ ಕೈಲಿ ಹಿಡಿದು ದಾಟುತ್ತದೆ.
ಎಷ್ಟು ಮಂದಿ ಒತ್ತಿದ್ದಾರೆಂದು ಎಣಿಸಲು ನಾನು ಬರೆದಿಲ್ಲ.

ಇವತ್ತು ಬೆಳಿಗ್ಗೆ ಆರಕ್ಕೆ
ಮೂವತ್ತೊಂಬತ್ತು ಅಡಿ.
ಮಳೆ ಎಲ್ಲಿ ಬಿತ್ತೆಂದು ಯಾರೂ ಕೇಳಲಿಲ್ಲ.